ಕೊನೇ ಬಸ್ಸಿನವನು ಕಲಿತ ಸಂಜೆ

ಡಿಪೋದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಕಂಟ್ರೋಲರ್‌ನಿಂದ ಹಿಡಿದು ಟಯರಿಗೆ ಗಾಳಿ ತುಂಬುವವನವರೆಗೆ ಎಲ್ಲರ ಬಾಯಲ್ಲೂ ಅವನು 'ಕೊನೇ ಬಸ್ಸು'. "ಕೊನೇ ಬಸ್ಸು ಬಂತಾ?" ಎಂದು ಯಾರಾದರೂ ಕೇಳಿದರೆ, ಕೇಳಿದ್ದು ಬಸ್ಸನ್ನೋ ಡ್ರೈವರನ್ನೋ ಎಂದು ಹೇಳುವುದು ಕಷ್ಟ. ಹತ್ತೊಂಬತ್ತು ವರ್ಷ ಅದೇ ರೂಟು, ಅದೇ ಪಾಳಿ. ಮಧ್ಯಾಹ್ನ ಎರಡಕ್ಕೆ ಸೀಟಿನ ಮೇಲೆ ಟವೆಲ್ ಹಾಸಿ ಕೂತರೆ, ರಾತ್ರಿ ಹತ್ತೂವರೆಗೆ ಅದೇ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಇಳಿಯುವುದು. ನಡುವೆ ಊರಿಗೆ ಊರೇ ಕೆಲಸ ಮುಗಿಸಿ ಮನೆ ಸೇರುತ್ತಿತ್ತು. ಸೇರಿಸುತ್ತಿದ್ದವನು ಅವನೇ.

ಒಳ್ಳೆಯ ಡ್ರೈವರ್, ಅದರಲ್ಲಿ ಎರಡು ಮಾತಿಲ್ಲ. ಇಷ್ಟು ವರ್ಷದಲ್ಲಿ ಪಕ್ಕದ ಕನ್ನಡಿಯೊಂದನ್ನೂ ಒಡೆದವನಲ್ಲ. ಯಾರಾದರೂ ಏದುಸಿರು ಬಿಡುತ್ತ ಓಡಿ ಬರುವುದು ಕಂಡರೆ ಅರ್ಧ ನಿಮಿಷ ನಿಲ್ಲಿಸಿ, ಕಂಡಕ್ಟರ್ ಗೊಣಗಿದರೂ ಕೇಳಿಸದವನಂತೆ ಇರುತ್ತಿದ್ದ. ಹೊಗಳಿಕೆ ಕೇಳಿ ಕೇಳಿ ಒಂದಿಷ್ಟು ಉಬ್ಬಿದ್ದ ಎಂದೂ ಹೇಳಬೇಕು. ಇವನಿಲ್ಲದಿದ್ದರೆ ಆ ರೂಟೇ ನಡೆಯುವುದಿಲ್ಲ ಎಂದು ಕಂಟ್ರೋಲರ್ ನಾಲ್ಕು ಜನರ ಮುಂದೆ ಹೇಳಿದರೆ ಸಾಕು, ಅದರ ಮೇಲೆ ಇನ್ನೊಂದು ವರ್ಷ ತಳ್ಳಿಬಿಡುತ್ತಿದ್ದ. ಇಂಥ ಒಳ್ಳೆಯತನದ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಊರಿಗೆಲ್ಲ ಬೇಕಾದವನ ಮನೆಯಲ್ಲಿ ಯಾರೋ ಒಬ್ಬರು ಬಾಯಿ ಮುಚ್ಚಿಕೊಂಡು ಕಾಯುತ್ತ ಕೂತಿರುತ್ತಾರೆ. ಇಲ್ಲಿ ಕೂತವಳು ಅವನ ಹೆಂಡತಿ.

ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಶಾಲೆಯ ಯೂನಿಫಾರಂ, ಕಿಟಕಿಯ ಪರದೆ, ಉದ್ದವಾದ ಪ್ಯಾಂಟು ಗಿಡ್ಡ ಮಾಡಿಕೊಡುವುದು, ಇಂಥವು. ಎರಡು ಕೋಣೆಯ ಮನೆ. ಬಾಗಿಲಿನ ಮುಂದೆ ನಾಲ್ಕು ಹೆಜ್ಜೆ ಜಾಗ, ಅಲ್ಲಿಂದಲೇ ಮೇಲಿನ ಮನೆಗೆ ಹೋಗುವ ಮೆಟ್ಟಿಲು. ಮಕ್ಕಳಿರಲಿಲ್ಲ. ಚಿಕ್ಕವಳಿದ್ದಾಗ ಬಂದ ಜ್ವರವೊಂದು ಅವಳ ಹೃದಯದ ಕವಾಟವನ್ನು ಕೆಡಿಸಿ ಹೋಗಿತ್ತು, ಹೆರುವ ಆಸೆ ಬಿಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮದುವೆಯಾದ ವರ್ಷ ಅವನು ಅವಳಿಗೆ ಒಂದು ಮಾತು ಕೊಟ್ಟಿದ್ದ. ಈ ಕೊನೇ ಬಸ್ಸಿನ ಪಾಳಿ ಎರಡೇ ವರ್ಷ, ಆಮೇಲೆ ಹಗಲು ಡ್ಯೂಟಿ, ಸಂಜೆ ಐದಕ್ಕೆಲ್ಲ ಮನೆಯಲ್ಲಿರುತ್ತೇನೆ ಎಂದು. ಎರಡು ನಾಲ್ಕಾಯಿತು, ನಾಲ್ಕು ಹತ್ತಾಯಿತು. ಅವಳು ಜಗಳ ಮಾಡುವ ಹೆಂಗಸಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿದ್ದು ಬಹಳ ತಡವಾಗಿ.

ಆ ವರ್ಷದ ಆರಂಭದಲ್ಲಿ ಅವಳಿಗೆ ನಾಲ್ಕು ಮಾತಾಡುವಷ್ಟರಲ್ಲಿ ಉಸಿರು ಕಟ್ಟತೊಡಗಿತು. ಡಾಕ್ಟರು ಎದೆಯ ಫೋಟೋ ತೆಗೆಸಿ, ಕಿವಿಗೊಟ್ಟು ಕೇಳಿ, ಆಪರೇಷನ್ ಮಾಡುವ ಹಂತ ದಾಟಿಹೋಗಿದೆ ಎಂದರು. ಮಾತ್ರೆಯ ಮೇಲೆ ಒಂದು ವರ್ಷ ಹೋಗಬಹುದು, ಎರಡೂ ಹೋಗಬಹುದು, ಸಂಜೆ ಹೊತ್ತು ಒಬ್ಬರನ್ನೇ ಬಿಡಬೇಡಿ ಎಂದರು. ಅವನು ಆಸ್ಪತ್ರೆಯಿಂದ ಸೀದಾ ಡಿಪೋಗೆ ಹೋಗಿ ಕಂಟ್ರೋಲರ್ ಮೇಜಿನ ಮುಂದೆ ನಿಂತ. ಹಗಲು ಡ್ಯೂಟಿ ಬೇಕು ಎಂದ. ಕಂಟ್ರೋಲರ್ ಕೆಟ್ಟವನಲ್ಲ, ಆದರೆ ಪಟ್ಟಿಯ ಮನುಷ್ಯ. ನಿನಗಿಂತ ಮೊದಲು ಕೇಳಿದವರು ಹನ್ನೊಂದು ಜನ ಇದ್ದಾರೆ, ಏಳು ವರ್ಷದ ಹಿಂದೆ ನಿನ್ನ ಸರದಿ ಬಂದಾಗ ನೀನೇ ಬೇಡ ಅಂದೆಯಲ್ಲ, ಎಂದು ನೆನಪಿಸಿದ. ಅದು ನಿಜವಾಗಿತ್ತು. ಏಳು ವರ್ಷದ ಹಿಂದೆ ಹಗಲು ಡ್ಯೂಟಿ ಕೈಗೆ ಬಂದಾಗ, ಕೈಗೂಸಿದ್ದ ಇನ್ನೊಬ್ಬ ಡ್ರೈವರಿಗೆ ಅದನ್ನು ಬಿಟ್ಟುಕೊಟ್ಟು ಅವನು ದೊಡ್ಡಸ್ತಿಕೆ ಮೆರೆದಿದ್ದ. ಮನೆಯಲ್ಲಿ ಆ ವಿಷಯ ಬಾಯಿಬಿಟ್ಟಿರಲಿಲ್ಲ.

ಡಿಪೋದ ನೋಟಿಸ್ ಬೋರ್ಡಿನಲ್ಲಿ ಜರ್ಮನಿಗೆ ಬಸ್ ಡ್ರೈವರುಗಳು ಬೇಕಾಗಿದ್ದಾರೆ ಎಂಬ ಕಾಗದ ಅಂಟಿಸಿದ್ದು ಅದೇ ವಾರ. ಭಾಷೆಯ ಮೊದಲ ಪರೀಕ್ಷೆ ಪಾಸಾದರೆ ಮುಂದಿನ ದಾರಿ ತೋರಿಸುತ್ತೇವೆ ಎಂದು ಜನ ಕಳಿಸುವ ಏಜೆನ್ಸಿಯವನು ಹೇಳಿದ. ಅಲ್ಲಿ ಪಾಳಿ ಸರದಿಯ ಮೇಲೆ ಬದಲಾಗುತ್ತದೆ, ತಿಂಗಳಲ್ಲಿ ಅರ್ಧಕ್ಕರ್ಧ ಸಂಜೆ ನಿಮ್ಮದೇ, ಹೆಂಡತಿಯನ್ನೂ ಕರೆದುಕೊಂಡು ಹೋಗಬಹುದು, ಅಲ್ಲಿನ ಆಸ್ಪತ್ರೆಗಳೆಂದರೆ ಕೇಳಬೇಡಿ, ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದ. ಹುಚ್ಚು ಯೋಚನೆ, ನಾನೇನೂ ಅಲ್ಲವೆನ್ನುವುದಿಲ್ಲ. ಕೈಗೆ ಬಂದ ಸಂಜೆಯನ್ನು ಮತ್ತೊಬ್ಬನಿಗೆ ಕೊಟ್ಟವನು ಈಗ ಅದನ್ನು ಹುಡುಕಿಕೊಂಡು ಕಡಲಾಚೆ ಹೊರಟಿದ್ದ. ಆದರೆ ಅವನಿಗೆ ಕಂಡದ್ದು ಅದೊಂದೇ ಬಾಗಿಲು. ಅವಳ ಜೊತೆ ಒಂದಿಷ್ಟು ಸಂಜೆಗಳು ಬೇಕಾಗಿದ್ದವು, ಅವಳಿರುವಾಗಲೇ ಬೇಕಾಗಿದ್ದವು.

ವಿಷಯ ಕೇಳಿ ಅವಳು ಸೂಜಿ ಬಾಯಲ್ಲಿ ಕಚ್ಚಿಕೊಂಡೇ ನಕ್ಕಳು. ಈ ವಯಸ್ಸಿನಲ್ಲಿ ಹೊಸ ಭಾಷೆಯೇ, ಇರುವ ಭಾಷೆಯಲ್ಲೇ ನನ್ನ ಹತ್ತಿರ ದಿನಕ್ಕೆ ಹತ್ತು ಮಾತಾಡುವುದಿಲ್ಲ, ಎಂದಳು. ಆದರೂ ಅವನ ಬ್ಯಾಗಿನಲ್ಲಿ ಹೊಸ ನೋಟ್‌ಬುಕ್ ಇಟ್ಟವಳು ಅವಳೇ.

ಕ್ಲಾಸು ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ, ವಾರಕ್ಕೆ ಮೂರು ದಿನ, ಬೆಳಗ್ಗೆ ಹತ್ತರಿಂದ ಹನ್ನೆರಡು. ಹದಿನಾಲ್ಕು ವಿದ್ಯಾರ್ಥಿಗಳಲ್ಲಿ ಹನ್ನೆರಡು ಜನ ನರ್ಸ್ ಹುಡುಗಿಯರು, ಒಬ್ಬ ಅಡುಗೆಯವನು, ಇವನೊಬ್ಬ. ನಲವತ್ತೇಳರ ಡ್ರೈವರ್ ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಲಾರದೆ ಅಡ್ಡ ಕೂತು, ಎಲ್ಲವನ್ನೂ ನಮ್ಮ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದ. ಟೀಚರ್ ಅರವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವರು. ತಪ್ಪು ಮಾಡಿದವರನ್ನು ಬೈಯುತ್ತಿರಲಿಲ್ಲ. ಸರಿ ಹೇಳುವ ತನಕ ಬಿಡುತ್ತಲೂ ಇರಲಿಲ್ಲ.

ಎಂಟನೆಯ ಪಾಠ ಸಂಜೆಯ ವಿಶ್ರಾಂತಿಯ ಬಗ್ಗೆ. ಪುಸ್ತಕದಲ್ಲಿ ಚಿತ್ರಗಳಿದ್ದವು. ಒಬ್ಬ ಗಂಡಸು ಸೋಫಾದ ಮೇಲೆ ಕಾಲು ಚಾಚಿದ್ದಾನೆ, ಹೊಟ್ಟೆಯ ಮೇಲೆ ಬೆಕ್ಕು. ಒಬ್ಬ ಹೆಂಗಸು ನೀರು ತುಂಬಿದ ತೊಟ್ಟಿಯಲ್ಲಿ ಮಲಗಿ, ಸುತ್ತ ಮೇಣದಬತ್ತಿ ಹಚ್ಚಿಟ್ಟು, ಪುಸ್ತಕ ಓದುತ್ತಿದ್ದಾಳೆ. ಪುಸ್ತಕ ಒದ್ದೆಯಾಗುವುದಿಲ್ಲವೇ ಎಂದು ಅವನು ಕೇಳಿದ್ದಕ್ಕೆ ನರ್ಸ್ ಹುಡುಗಿಯರು ಬೆಂಚು ಬಡಿದು ನಕ್ಕರು. ಅವನು ತಮಾಷೆಗೆ ಕೇಳಿರಲಿಲ್ಲ. ಸಂಜೆಗೆ ಜರ್ಮನ್‌ನಲ್ಲಿ 'ಆಬೆಂಟ್' ಎಂದರು ಟೀಚರ್. ಅವನ ಕಿವಿಗೆ ಅದು ಬೇರೆಯೇ ಬಿತ್ತು, 'ಆಬ್ಸೆಂಟ್' ಎಂದು ಬರೆದುಕೊಂಡ. ಕೆಲಸ ಮುಗಿದ ಮೇಲಿನ ಸಂಜೆಗೆ ಇನ್ನೊಂದು ಪದವಿತ್ತು, 'ಫಾಯರ್‌ಆಬೆಂಟ್'. ಇದರಲ್ಲಿ ಅವನಿಗೆ ಬೆಂಕಿ ಕೇಳಿಸಿತು, ಡಿಪೋದಲ್ಲಿ ಕೆಂಪು ಬಕೆಟ್ ತೂಗುಹಾಕಿದ ಗೋಡೆಯೇ ಕಣ್ಣಿಗೆ ಬಂತು. ಬೆಂಕಿಯಲ್ಲ, ಸಂಭ್ರಮ ಎಂದು ಟೀಚರ್ ತಿದ್ದಿದರು. ಅಂಗಡಿ ಮುಚ್ಚಿ, ಯಂತ್ರ ನಿಲ್ಲಿಸಿ ಮನೆಗೆ ಹೋದ ಮೇಲೆ ಉಳಿಯುವ ಹೊತ್ತು ನಿಮ್ಮದು, ಅದಕ್ಕೆ ಈ ಹೆಸರು, ಎಂದರು. ಅಷ್ಟು ಹೊತ್ತಿಗೂ ಒಂದು ಹೆಸರಿಟ್ಟಿದ್ದಾರಲ್ಲ ಎಂದು ಅವನಿಗೆ ಸೋಜಿಗ. ಅವನಿಗೆ ಗೊತ್ತಿದ್ದದ್ದು 'ಡ್ಯೂಟಿ ಮುಗೀತು' ಒಂದೇ, ಅದರಾಚೆ ನಿದ್ದೆ.

ಮನೆಯಲ್ಲಿ ನೋಟ್‌ಬುಕ್ ತೆರೆದು ನೋಡಿದ ಹೆಂಡತಿ 'ಸಂಜೆ' ಎಂಬುದರ ಎದುರಿಗೆ 'ಆಬ್ಸೆಂಟ್' ಎಂದಿರುವುದನ್ನು ಎರಡು ಸಲ ಓದಿದಳು.

"ಸರಿಯಾಗೇ ಬರ್ಕೊಂಡಿದೀರಲ್ಲ ರೀ," ಎಂದಳು. "ಹತ್ತೊಂಬತ್ತು ವರ್ಷದಿಂದ ಸಂಜೆ ಅಂದ್ರೆ ನೀವು ಆಬ್ಸೆಂಟೇ."

ನಗುತ್ತಲೇ ಹೇಳಿದಳು. ಅವನೂ ನಕ್ಕ. ಆದರೆ ಆ ದಿನ ಸ್ಟೀರಿಂಗ್ ಹಿಡಿದಾಗಲೂ ಆ ಮಾತು ಅವನ ಜೊತೆಗೇ ಬಂತು, ಇಳಿಯಲಿಲ್ಲ.

ಮನೆಗೆಲಸ ಇನ್ನೂ ಕಷ್ಟದ್ದಾಗಿತ್ತು. ಸಂಜೆ ವಿಶ್ರಾಂತಿಗೆ ನೀವು ಏನೇನು ಮಾಡುತ್ತೀರಿ ಎಂದು ಆರು ವಾಕ್ಯ ಬರೆಯಬೇಕಿತ್ತು. ಅವನಿಗೆ ವಾಕ್ಯ ಬರಲಿಲ್ಲ ಎನ್ನುವುದಕ್ಕಿಂತ ಬರೆಯಲು ಸಂಜೆಯೇ ಇರಲಿಲ್ಲ. ವಾರದ ರಜೆಯಲ್ಲೂ ಊಟ ಮಾಡಿ ಮಲಗಿದರೆ ದೀಪ ಹಚ್ಚುವ ಹೊತ್ತಿಗೆ ಮೈ ಭಾರವಾಗಿ ಏಳುತ್ತಿದ್ದ. ಬೆಳಗ್ಗೆ ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಪರದೆಗೆ ಅಂಚು ಮಡಚುತ್ತಿದ್ದಾಗ ಅವನು ಕಾಪಿ ಹೊಡೆಯುವ ಹುಡುಗನಂತೆ ಪಕ್ಕದಲ್ಲಿ ಕೂತು ಕೇಳಿದ, ನೀನು ಸಂಜೆ ಏನು ಮಾಡುತ್ತೀಯ ಎಂದು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಕೇಳಿದ ಪ್ರಶ್ನೆ ಅದು.

ಮೊದಲು ಅವಳು ಮಾತು ಹಾರಿಸಿದಳು. ಏನಿರುತ್ತದೆ, ಎಲ್ಲರೂ ಮಾಡುವುದನ್ನೇ ಮಾಡುತ್ತೇನೆ ಎಂದಳು. ಅವನು ಬಿಡದಿದ್ದಾಗ ಒಂದೊಂದೇ ಹೇಳಿದಳು. ಐದೂವರೆಗೆ ಯಂತ್ರ ನಿಲ್ಲಿಸುವುದು, ಮೇಲಿನ ಮನೆಯ ಅಜ್ಜಿಗೆ ಆ ಸದ್ದು ತಲೆನೋವು. ಆಮೇಲೆ ಅಯಸ್ಕಾಂತ ಹಿಡಿದು ನೆಲದ ಮೇಲೆ ಬಿದ್ದ ಸೂಜಿ ಆಯುವುದು. ಆಮೇಲೆ ಅರ್ಧ ಲೋಟ ಚಹಾ. ಒಬ್ಬಳಿಗೆ ಒಂದು ಲೋಟ ಮಾಡಿದರೆ ತಣ್ಣಗಾಗಿ ಚೆಲ್ಲಬೇಕಾಗುತ್ತದೆ ಎಂದು ಅರ್ಧ. ಆರೂವರೆಗೆ ಹೊರಗಿನ ಮೆಟ್ಟಿಲಿನ ಮೂರನೆಯ ಹಂತದಲ್ಲಿ ಕೂರುವುದು.

ಮೂರನೆಯದೇ ಯಾಕೆ ಎಂದು ಅವನು ಪೆನ್ನು ಹಿಡಿದೇ ಕೇಳಿದ. ಅಲ್ಲಿ ಕೂತರೆ ಕಾಂಪೌಂಡಿನ ಗೋಡೆ ಅಡ್ಡ ಬರುವುದಿಲ್ಲ, ದೊಡ್ಡ ರಸ್ತೆಯ ಸದ್ದು ಕೇಳಿಸುತ್ತದೆ, ಎಂದಳು ಅವಳು. ಏಳೂ ಹತ್ತಕ್ಕೆ ಮೂಲೆಯ ಹಂಪ್ ಹತ್ತಿರ ನಿಮ್ಮ ಬಸ್ಸು ಗೇರ್ ಬದಲಿಸುತ್ತದೆ. ಬೇರೆಯವರು ಎಳೆದು ಹಾಕುತ್ತಾರೆ, ನಿಮ್ಮದು ಸದ್ದೇ ಗೊತ್ತಾಗುವುದಿಲ್ಲ, ಅದಕ್ಕೇ ಗೊತ್ತಾಗುತ್ತದೆ. ಅದು ಹೋದ ಮೇಲೆ ಎದ್ದು ಒಳಗೆ ಬರುವುದು.

ಅವನ ಪೆನ್ನು ನಿಂತಿತು. ಇಷ್ಟು ವರ್ಷ ಪ್ರತಿ ಸಂಜೆ ಹೆಂಡತಿಯ ಕಿವಿಯ ಪಕ್ಕದಲ್ಲೇ ಹಾದುಹೋಗಿದ್ದ, ಒಂದು ದಿನವೂ ಆ ಕಡೆ ತಲೆ ತಿರುಗಿಸಿರಲಿಲ್ಲ. ಮೆಟ್ಟಿಲಿನ ಮೇಲೆ ಯಾಕೆ ಕೂರುತ್ತೀಯ, ಬಾಗಿಲಿನ ಹತ್ತಿರ ಎರಡು ಬೆತ್ತದ ಕುರ್ಚಿ ಇವೆಯಲ್ಲ ಎಂದ, ಮಾತು ಬೇರೆ ಕಡೆಗೆ ಹೋಗಲಿ ಎಂದು. ಆ ಕುರ್ಚಿಗಳ ಮೇಲೆ ಯಾವಾಗಲೂ ಹೊಲಿಯಲು ಬಂದ ಬಟ್ಟೆಯ ಗಂಟುಗಳು ಇರುತ್ತಿದ್ದವು.

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಅವನ್ನ ತಂದಿದ್ದು ನಿಮಗೆ ಹಗಲು ಡ್ಯೂಟಿ ಸಿಕ್ಕಿದ ವರ್ಷ ಕಣ್ರೀ. ನೀವು ಹೇಳ್ಲಿಲ್ಲ, ನಿಮ್ಮ ಕಂಡಕ್ಟರ್ ಬಾಯಲ್ಲಿ ಕೇಳಿದ್ದೆ. ಸಂಜೆ ಇಬ್ರೂ ಕೂತ್ಕೊಳ್ಳೋಣ ಅಂತ. ಅದನ್ನ ನೀವು ಬೇರೆಯವರಿಗೆ ಕೊಟ್ರಿ ಅಂತ ಅವ್ರ ಹೆಂಡ್ತೀನೇ ಬಂದು ಹೇಳಿದ್ಲು, ಥ್ಯಾಂಕ್ಸ್ ಹೇಳೋಕೆ."

ಅಷ್ಟು ಹೇಳಿ ಮತ್ತೆ ಪೆಡಲ್ ತುಳಿದಳು. ಅವನಿಗೆ ಕೂತಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು. ಏಳು ವರ್ಷ ಅವಳು ಅದನ್ನು ನುಂಗಿಕೊಂಡಿದ್ದಳು, ಒಂದು ದಿನ ಊಟ ಬಡಿಸುವಾಗಲೂ ಮುಖ ಊದಿಸಿಕೊಂಡಿರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದ, ಯಂತ್ರದ ಸದ್ದು ಜೋರಾಗಿತ್ತು. ಅವಳು ಬೇಕೆಂದೇ ಜೋರಾಗಿ ತುಳಿಯುತ್ತಿದ್ದಳು.

ಐದು ವಾಕ್ಯ ಅವಳ ಸಂಜೆಯಿಂದಲೇ ಬರೆದ, ತನ್ನ ಹೆಸರಿನಲ್ಲಿ. ಆರನೆಯದು ಅವನದೇ: ಸಂಜೆ ನಾನು ನನ್ನ ಹೆಂಡತಿಯ ಜೊತೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತೇನೆ. ಟೀಚರ್ ಐದಕ್ಕೂ ಕೆಂಪು ಗೆರೆ ಎಳೆದು, ಆರನೆಯದಕ್ಕೆ ಮಾತ್ರ ಒಂದು ಪದ ಬಿಟ್ಟು ಉಳಿದದ್ದು ಸರಿ ಎಂದರು. ಅದನ್ನು ಅವಳಿಗೆ ತೋರಿಸಿದಾಗ ಅವಳು ಹುಬ್ಬು ಹಾರಿಸಿ, ಯಾವಾಗ ಕುಡಿದೆವು ಹೇಳಿ, ನನಗೂ ನೆನಪಾಗಲಿ ಎಂದಳು.

"ಕುಡೀತೀವಿ ಅಂತ ಬರ್ದಿದೀನಿ ಕಣೇ," ಎಂದ ಅವನು. "ನಮ್ಮಲ್ಲಿ ಕುಡೀತೀವಿ ಅಂದ್ರೆ ದಿನಾ ಕುಡೀತೀವಿ ಅಂತಾನೂ ಆಯ್ತು, ಮುಂದೆ ಕುಡೀತೀವಿ ಅಂತಾನೂ ಆಯ್ತು. ಅವ್ರ ಭಾಷೇಲೂ ಹಂಗೇ ನಡೆಯುತ್ತಂತೆ. ಮೇಡಂನ ಕೇಳ್ಕೊಂಡು ಬಂದಿದೀನಿ."

ಅವಳು ಅವನ ಮುಖ ನೋಡಿದಳು. ಆ ವಾಕ್ಯ ಪಾಠದ್ದಲ್ಲ, ತನಗೆ ಕೊಟ್ಟ ಮಾತು ಎಂದು ಅವಳಿಗೆ ಅರ್ಥವಾಯಿತು. ಆ ಸಂಜೆ ಕುರ್ಚಿಗಳ ಮೇಲಿದ್ದ ಗಂಟುಗಳನ್ನು ತೆಗೆದು ಒಳಗಿಟ್ಟಳು.

ಅಲ್ಲಿಂದ ಆರು ವಾರ ಅವರಿಬ್ಬರ ಬದುಕಿನ ಒಳ್ಳೆಯ ದಿನಗಳು ಎಂದರೆ ಹೆಚ್ಚಾಗಲಾರದು. ಮರುದಿನವೇ ಅವನು ಏಳೂ ಹತ್ತಕ್ಕೆ ಹಂಪ್ ಹತ್ತಿರ ಎರಡು ಸಲ ಮೆಲ್ಲಗೆ ಹಾರ್ನ್ ಒತ್ತಿದ. ಮನೆಗೆ ಬಂದರೆ ಅವಳು ಕೆಂಪಗಾಗಿ, ಇಡೀ ಬೀದಿಗೆ ಡಂಗುರ ಹೊಡೆಯುವುದು ಬೇಡ ಎಂದು ಗದರಿದಳು. ಮರುದಿನ ಒತ್ತುವುದು ಮರೆತದ್ದಕ್ಕೆ ಅದಕ್ಕಿಂತ ಹೆಚ್ಚು ಗದರಿದಳು. ಪರೀಕ್ಷೆಯ ತಯಾರಿಯೂ ಅವಳ ಕೈಗೇ ಬಂತು. ಅವನು ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದರೆ ಅವಳು ಬಾಗಿಲಿಗೆ ಒರಗಿ ನೋಟ್‌ಬುಕ್ ಹಿಡಿದು ಪ್ರಶ್ನೆ ಕೇಳುತ್ತಿದ್ದಳು. ಆರನೆಯ ವಾಕ್ಯದಲ್ಲಿ ಅವನು ಪ್ರತಿ ಸಲ ಎಡವುತ್ತಿದ್ದ. 'ನನ್ನ ಹೆಂಡತಿಯ ಜೊತೆ' ಎನ್ನಲು 'ಮಿಟ್ ಮೈನರ್ ಫ್ರಾವ್' ಎನ್ನಬೇಕು, ಅವನು 'ಮಿಟ್ ಮೈನೆ' ಎನ್ನುತ್ತಿದ್ದ. ನಲವತ್ತೆರಡು ವರ್ಷದ ಹೆಂಡತಿಯನ್ನು ಮೈನರ್ ಎನ್ನಲು ನಾಲಿಗೆ ಬರುವುದಿಲ್ಲ ಎಂಬುದು ಅವನ ವಾದ. ಪುಕ್ಕಟೆ ವಯಸ್ಸು ಕಮ್ಮಿಯಾಗುತ್ತಿದೆ, ನಿಮಗೇನು ಕಷ್ಟ, ಮೈನರ್ ಅನ್ನಿ, ಎಂದು ಅವಳು ಉಸಿರು ಸಾಲದೆ ನಡುನಡುವೆ ನಿಂತು ನಗುತ್ತಿದ್ದಳು. ಅವಳು ಕ್ಲಾಸಿನ ಮೆಟ್ಟಿಲು ಹತ್ತಿದವಳಲ್ಲ, ಆದರೂ ಆ ಆರು ವಾಕ್ಯ ಅವನಿಗಿಂತ ಚೆನ್ನಾಗಿ ಅವಳಿಗೇ ಬರುತ್ತಿದ್ದವು.

ಆಗಲೇ ಅವನು ಒಂದು ದಿನ ರಜೆ ಹಾಕಿ ಆ ಕುರ್ಚಿಯಲ್ಲಿ ಕೂರಬಹುದಿತ್ತು. ಇದನ್ನು ಬರೆಯುವಾಗ ನನಗೇ ಸಿಟ್ಟು ಬರುತ್ತದೆ. ವಾರದ ರಜೆ ಇತ್ತು, ಆದರೆ ಆ ದಿನ ಏಜೆನ್ಸಿಯ ಕಾಗದಪತ್ರಕ್ಕೆ ಓಡಾಟ. ಇನ್ನೊಂದು ರಜೆಯ ಸಂಜೆ ಚಹಾಕ್ಕೆ ನೀರಿಟ್ಟಾಗಲೇ ಡಿಪೋದಿಂದ ಫೋನ್ ಬಂತು, ಇನ್ನೊಬ್ಬ ಡ್ರೈವರ್ ಬಂದಿಲ್ಲ, ಒಂದು ಟ್ರಿಪ್ ಹೊಡೆದು ಹೋಗು ಎಂದು. ಅವಳೇ ಹೋಗಿ ಬನ್ನಿ ಎಂದಳು. ಅವನು ಹೋದ. ಇನ್ನೇನು ಪರೀಕ್ಷೆ ಮುಗಿದರೆ ಸಂಜೆಗಳೆಲ್ಲ ನಮ್ಮದೇ ಎಂದು ಇಬ್ಬರೂ ಅಂದುಕೊಂಡಿದ್ದರು.

ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಅದೊಂದು ಬುಧವಾರ, ವಿಶೇಷವೇನೂ ಇಲ್ಲದ ದಿನ. ಏಳೂ ಹತ್ತಕ್ಕೆ ಬಸ್ಸು ತುಂಬಿತ್ತು. ಅವನು ಹಂಪ್ ಹತ್ತಿರ ಗೇರ್ ಇಳಿಸಿ ಎರಡು ಸಲ ಹಾರ್ನ್ ಒತ್ತಿದ, ಕನ್ನಡಿಯಲ್ಲಿ ತನ್ನಷ್ಟಕ್ಕೆ ತಾನೇ ನಕ್ಕ, ಮುಂದೆ ಹೋದ. ಕೊನೆಯ ಸ್ಟಾಪಿನಲ್ಲಿ ಕಂಟ್ರೋಲರ್ ಖುದ್ದಾಗಿ ಬಂದು ನಿಂತಿದ್ದ. ಹತ್ತೊಂಬತ್ತು ವರ್ಷದಲ್ಲಿ ಕಂಟ್ರೋಲರ್ ಕುರ್ಚಿ ಬಿಟ್ಟು ಆ ಸ್ಟಾಪಿಗೆ ಬಂದದ್ದೇ ಇರಲಿಲ್ಲ.

ಅವಳನ್ನು ಮೊದಲು ನೋಡಿದವರು ಮೇಲಿನ ಮನೆಯ ಅಜ್ಜಿ. ಆರೂ ಮುಕ್ಕಾಲಿಗೆ ಮೆಟ್ಟಿಲಿಳಿದು ಬರುವಾಗ ದಾರಿಗೆ ಅಡ್ಡ ಕೂತಿದ್ದಾಳೆ, ಕರೆದರೆ ಸರಿಯುತ್ತಿಲ್ಲ. ಗೋಡೆಗೆ ತಲೆ ಆನಿಸಿಕೊಂಡು ನಿದ್ದೆ ಹೋದವಳಂತೆ ಇದ್ದಳಂತೆ. ಪಕ್ಕದವರು ಸೇರಿ ಒಳಗೆ ತಂದು ಮಲಗಿಸಿದ್ದರು. ಅವನು ಬಂದಾಗ ಅಜ್ಜಿ ಅವನ ಎರಡೂ ಕೈ ಹಿಡಿದುಕೊಂಡರು.

"ನಿನ್ನ ಹಾರ್ನ್ ಕೇಳಿಸ್ತಪ್ಪಾ," ಎಂದರು. "ಅವಳನ್ನ ಒಳಗೆ ತಂದು ಆಗಿತ್ತು. ಓಡಿ ಬಂದು ನಿನ್ನ ನಿಲ್ಲಿಸೋಣ ಅಂದ್ರೆ ನಂಗೆ ಕಾಲೇ ಬರ್ಲಿಲ್ಲ."

ಅವನು ಅಳಲಿಲ್ಲ ಎಂದು ಜನ ಆಡಿಕೊಂಡರು. ಅಳು ಬಂದದ್ದು ಹತ್ತು ದಿನದ ಮೇಲೆ, ಡಿಪೋದಲ್ಲಿ, ಕಂಟ್ರೋಲರ್ ಮುಂದೆ. ಅವನು ಕೆಲಸಕ್ಕೆ ಮರಳಿದ ದಿನ ಕಂಟ್ರೋಲರ್ ಪಟ್ಟಿಯನ್ನು ಮಗುಚಿಟ್ಟು, ಇವತ್ತಿನಿಂದ ನಿನಗೆ ಹಗಲು ಡ್ಯೂಟಿ, ಬೆಳಗ್ಗೆ ಆರರಿಂದ ಎರಡು, ಯಾರು ಏನಂದರೂ ನಾನು ನೋಡಿಕೊಳ್ಳುತ್ತೇನೆ ಎಂದ. ಹನ್ನೊಂದು ಜನರೂ ಒಪ್ಪಿದ್ದರು. ಕಂಟ್ರೋಲರ್‌ಗೆ ತಾನು ಮಾಡಿದ್ದು ಉಪಕಾರವೆಂಬ ನಂಬಿಕೆ, ಅದು ಉಪಕಾರವೇ. ಆದರೆ ಅದನ್ನು ಕೇಳಿದ್ದೇ ಈ ಮನುಷ್ಯ ಮೇಜಿನ ಅಂಚು ಹಿಡಿದುಕೊಂಡು ಚಿಕ್ಕ ಮಕ್ಕಳಂತೆ ಬಿಕ್ಕಿ ಬಿಕ್ಕಿ ಅತ್ತ. ಗಾಳಿ ತುಂಬುವವನು ನೀರು ತಂದುಕೊಟ್ಟ.

ಸಂಜೆಗಳು ಬಂದವು. ಬೇಡವೆಂದರೂ ದಿನಕ್ಕೊಂದರಂತೆ ಬಂದವು. ಮೂರು ಗಂಟೆಗೆ ಮನೆ ಸೇರಿ ಯೂನಿಫಾರಂ ಬಿಚ್ಚದೆ ಮಂಚದ ಮೇಲೆ ಕೂರುತ್ತಿದ್ದ. ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆಯುತ್ತಿದ್ದ. ಅರ್ಧ ಹೊಲಿದ ಪರದೆಯನ್ನು ಕೇಳಿಕೊಂಡು ಗಿರಾಕಿ ಬಂದರೆ, ಅದನ್ನು ಮಡಚಿ ಕೊಡುವುದಕ್ಕೂ ಕೈ ಬಾರದೆ ನಾಳೆ ಬನ್ನಿ ಎನ್ನುತ್ತಿದ್ದ. ಐದರಿಂದ ಏಳರವರೆಗಿನ ಹೊತ್ತು ಎಷ್ಟು ಉದ್ದ ಎಂಬುದು ಸ್ಟೀರಿಂಗ್ ಹಿಂದೆ ಕೂತವನಿಗೆ ಎಂದೂ ಗೊತ್ತಾಗಿರಲಿಲ್ಲ. ಅವಳು ಅಷ್ಟು ಹೊತ್ತನ್ನು ಹತ್ತೊಂಬತ್ತು ವರ್ಷ ಒಬ್ಬಳೇ ಹೇಗೆ ದಾಟಿದಳು ಎಂದು ಯೋಚಿಸುತ್ತಿದ್ದ. ಏಳೂ ಹತ್ತು ಆಗುವ ಮೊದಲು ಕಿಟಕಿ ಮುಚ್ಚಿ ರೇಡಿಯೋ ಜೋರು ಮಾಡುತ್ತಿದ್ದ.

ಪರೀಕ್ಷೆಗೆ ಹೋಗುವ ಮನಸ್ಸಿರಲಿಲ್ಲ. ಟೀಚರ್ ಫೋನ್ ಮಾಡಿ, ಬರದಿದ್ದರೂ ಪರವಾಗಿಲ್ಲ, ಬಂದರೆ ನಾನು ಹೊರಗೆ ಕೂತಿರುತ್ತೇನೆ ಎಂದಷ್ಟೇ ಹೇಳಿದ್ದರು. ಕೊನೆಗೆ ಹೋದದ್ದು ಮನೆಯಲ್ಲಿ ಕೂರಲಾರದೆ. ಬಿಳಿ ಗೋಡೆಯ ಕೋಣೆ, ಉದ್ದ ಮೇಜು, ಮೇಜಿನಾಚೆ ಇಬ್ಬರು ಪರೀಕ್ಷಕರು. ಪಕ್ಕದಲ್ಲಿ ಜೊತೆಗಾತಿಯಾಗಿ ಒಬ್ಬಳು ನರ್ಸ್ ಹುಡುಗಿ, ಬೇರೆ ಕ್ಲಾಸಿನವಳು, ಅವನ ಕಥೆ ತಿಳಿಯದವಳು. ಮೇಜಿನ ಮೇಲೆ ಬೋರಲು ಹಾಕಿದ ಚೀಟಿಗಳಲ್ಲಿ ಅವಳು ಒಂದನ್ನು ಎತ್ತಿದಳು, ಅದರ ಮೇಲೆ 'ಫಾಯರ್‌ಆಬೆಂಟ್' ಎಂದಿತ್ತು. ಅವಳು ನಗುಮುಖ ಮಾಡಿ, ಕೆಲಸ ಮುಗಿದ ಮೇಲೆ ಸಂಜೆ ನೀವು ಏನು ಮಾಡುತ್ತೀರಿ ಎಂದು ಕೇಳಿದಳು.

ಅವನು ಸೂಜಿ ಆಯುವುದು ಹೇಳಿದ, ಚಹಾ ಹೇಳಿದ, ಮೆಟ್ಟಿಲು ಹೇಳಿದ. ವಾಕ್ಯಗಳು ತಾವಾಗಿ ಬಂದವು, ಕಂಠಪಾಠ ಮಾಡಿಸಿದವಳು ಹಾಗೆ ಮಾಡಿಸಿದ್ದಳು. ಹುಡುಗಿ ತನ್ನ ಎರಡನೆಯ ಪ್ರಶ್ನೆ ಕೇಳಿದಳು, ಯಾರ ಜೊತೆ ಎಂದು. ಅವನು ತಡೆದ. ಒಬ್ಬನೇ ಎನ್ನುವ ಪದ ಅವನಿಗೆ ಗೊತ್ತಿತ್ತು, ಬಾಯಿಯವರೆಗೂ ಬಂದಿತ್ತು.

"ಮಿಟ್ ಮೈನರ್ ಫ್ರಾವ್," ಎಂದ.

ತೊಡರಲಿಲ್ಲ. ಮೊದಲ ಸಲ ಸರಿಯಾಗಿ ಹೇಳಿದ್ದ. ಪರೀಕ್ಷಕಿ ತಲೆಯಾಡಿಸಿ ಕಾಗದದ ಮೇಲೆ ಗುರುತು ಹಾಕಿ, ಬಹಳ ಚೆನ್ನಾಗಿದೆ ಎಂದರು. ಅವನಿಗೆ ನಾಚಿಕೆಯಾಯಿತು, ಬದುಕಿದ್ದಾಗ ಕೊಡದೆ ಹೋದ ಸಂಜೆಗೆ ಸತ್ತ ಮೇಲೆ ಅವಳ ಹೆಸರಿನಲ್ಲಿ ಅಂಕ ಬರೆಸಿಕೊಂಡು ಬಂದಂತೆ. ಹೊರಗೆ ಬೆಂಚಿನ ಮೇಲಿದ್ದ ಟೀಚರ್ ಕಣ್ಣಿಗೆ ಕಣ್ಣು ಕೊಡದೆ ನಡೆದುಬಿಟ್ಟ.

ಫಲಿತಾಂಶ ಬಂದ ದಿನ ಅವನು ಮಧ್ಯಾಹ್ನ ಡ್ಯೂಟಿ ಮುಗಿಸಿ ಜೆರಾಕ್ಸ್ ಅಂಗಡಿಯ ಮಹಡಿ ಹತ್ತಿದ. ಪಾಸಾಗಿದ್ದ, ಮಾತಿನ ಭಾಗದಲ್ಲಿ ಇಡೀ ಕ್ಲಾಸಿಗೇ ಹೆಚ್ಚು ಅಂಕ. ಟೀಚರ್ ಒಬ್ಬರೇ ಬೋರ್ಡ್ ಒರೆಸುತ್ತಿದ್ದರು. ಜರ್ಮನಿಗೆ ಹೋಗುವುದಿಲ್ಲವೆಂದು ಏಜೆನ್ಸಿಗೆ ಹೇಳಿಬಿಟ್ಟೆ ಎಂದ. ಅವರು ಸರಿ ಎಂದರು, ಯಾಕೆ ಎಂದು ಕೇಳಲಿಲ್ಲ. ಅವನು ಹೋಗದೆ ಅಲ್ಲೇ ನಿಂತಿದ್ದ. ಆಮೇಲೆ, ಪರೀಕ್ಷೆಯಲ್ಲಿ ಸುಳ್ಳು ಹೇಳಿದೆ ಮೇಡಂ ಎಂದ. ಅವರು ಡಸ್ಟರ್ ಕೆಳಗಿಟ್ಟು, ಪರೀಕ್ಷೆಗೆ ವ್ಯಾಕರಣ ಸರಿಯಿದ್ದರೆ ಸಾಕು, ನಿಜ ಬೇಕಾಗಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸಮಾಧಾನ ಹೇಳಿದರು.

ಅದರಿಂದ ಅವನಿಗೆ ಸಮಾಧಾನವಾಗಲಿಲ್ಲ. 'ಕುಡಿಯುತ್ತ ಇದ್ದೆವು' ಎನ್ನುವುದು ಹೇಗೆ ಎಂದು ಯೋಚಿಸಿ ನೋಡಿದ್ದ, ಅದೂ ಸುಳ್ಳೇ, ಕುಡಿದಿದ್ದರೆ ತಾನೆ. ಅವನಿಗೆ ಬೇಕಾದದ್ದು ಬೇರೆ.

"ಕುಡೀಬೇಕಾಗಿತ್ತು ಅನ್ನೋಕೆ ಏನಂತಾರೆ ಮೇಡಂ?" ಎಂದು ಕೇಳಿದ. "ಕುಡೀಬಹುದಾಗಿತ್ತು, ಕುಡೀಲಿಲ್ಲ. ಅದನ್ನ."

ಟೀಚರ್ ಕನ್ನಡಕ ತೆಗೆದು ಕೊರಳಿಗೆ ಬಿಟ್ಟರು. ಅದು ಈ ಪುಸ್ತಕದಲ್ಲಿ ಬರುವುದಿಲ್ಲ, ಎಂದರು. ಇನ್ನೂ ಎರಡು ಹಂತ ದಾಟಿದ ಮೇಲೆ ಅಂಥ ವಾಕ್ಯಗಳು ಬರುತ್ತವೆ, ಒಂದು ವರ್ಷಕ್ಕೂ ಮೇಲೆ ಹಿಡಿಯುತ್ತದೆ, ಬಹಳ ಜನ ಅಲ್ಲಿಗೆ ಹೋಗುವ ಮೊದಲೇ ಬಿಟ್ಟುಬಿಡುತ್ತಾರೆ. ಎಲ್ಲಿಗೂ ಹೋಗದ ಮೇಲೆ ನಿಮಗೆ ಯಾಕೆ ಅದು ಎಂದೂ ಮೆಲ್ಲಗೆ ಕೇಳಿದರು. ಮುಂದಿನ ಹಂತ ಯಾವಾಗ ಶುರು ಎಂದ ಅವನು.

"ಸೋಮವಾರದಿಂದ. ಆದ್ರೆ ಅದು ಬೆಳಗ್ಗೆ ಇಲ್ಲ. ಸಂಜೆ ಆರರಿಂದ ಎಂಟು ಮಾತ್ರ," ಎಂದರು ಟೀಚರ್. "ನಿಮಗೆ ಆ ಹೊತ್ತಿಗೆ ಆಗೋದಿಲ್ವೇನೋ."

"ಆಗುತ್ತೆ ಮೇಡಂ," ಎಂದ ಅವನು. "ಸಂಜೆ ಬಿಡುವಾಗೇ ಇರ್ತೀನಿ."